ತಕ್ಕಡಿಗೆ ಮುದ್ರೆ ಬೇಕು, ರಕ್ತಕ್ಕೆ ಬೇಡವೇ?

ತಿಪಟೂರು ಕೊಬ್ಬರಿ ಮಾರುಕಟ್ಟೆಯಲ್ಲಿ ತಕ್ಕಡಿಗೆ ಸರ್ಕಾರಿ ಮುದ್ರೆ ಇಲ್ಲದಿದ್ದರೆ ರೈತ ಜಗಳಕ್ಕೆ ನಿಲ್ಲುತ್ತಾನೆ. ಅದೇ ರೈತ ಸಕ್ಕರೆ ಪರೀಕ್ಷೆಯ ಇಂಗ್ಲಿಷ್ ಚೀಟಿಯನ್ನು ಬಾಯಿಮುಚ್ಚಿ ಜೇಬಿಗಿಳಿಸುತ್ತಾನೆ!

ಲ್ಯಾಬ್ ಯಂತ್ರಕ್ಕೂ ಸತ್ಯಪರೀಕ್ಷೆಯುಂಟು. ಅಳತೆ ಮೊದಲೇ ಗೊತ್ತಿರುವ ‘ಕಂಟ್ರೋಲ್’ ದ್ರವ ಹಾಕಬೇಕು; ಅಂಕಿ ಮಿತಿ ತಪ್ಪಿದರೆ ರೋಗಿಯ ವರದಿ ತಡೆಯಬೇಕು. ವೆಸ್ಟ್‌ಗಾರ್ಡ್ ನಿಯಮಗಳು 1981ರಿಂದಲೇ ಇವೆ. ಈಗ ಈ ದಾಖಲೆ ಬರೆಯಲು ಎ.ಐ. ಬರುತ್ತಿದೆ. ಬರಲಿ. ಆದರೆ ಕಂಟ್ರೋಲ್ ಹಾಕದ ದಿನವೂ ಅದು ‘ಎಲ್ಲ ಸರಿ’ ಎಂದು ನಯವಾಗಿ ಬರೆದೀತು! ನನ್ನ ಪ್ರೆಸ್ಸಿನಲ್ಲಿ ಅಕ್ಷರ ಜೋಡಿಸಿದವನೇ ಪ್ರೂಫ್ ನೋಡುವಂತಿಲ್ಲ.

ಬೆಂಗಳೂರು ಸೇರಿದ ತಮ್ಮಂದಿರೇ, ಅಪ್ಪನನ್ನು ಲ್ಯಾಬಿಗೆ ಕರೆದೊಯ್ದಾಗ ಕೇಳಿ: ಇವತ್ತಿನ ಕಂಟ್ರೋಲ್ ಎಷ್ಟು ಬಂತು? ನೋಡಿ ಸಹಿ ಹಾಕಿದವರು ಯಾರು? ಆ ಎರಡು ಸಾಲು ವರದಿಯಲ್ಲಿ ಕನ್ನಡದಲ್ಲೇ ಇರಲಿ. ಫಾರಂ ನಾನೇ ಅಚ್ಚುಹಾಕಿ ಕೊಡುತ್ತೇನೆ, ಕಾಸು ಬೇಡ.