ಮಠದ ಮಾತು, ಮತದಾರನ ಲೆಕ್ಕ

ಚುನಾವಣೆಗೆ ಮುನ್ನ ಒಂದು ಸಮುದಾಯಕ್ಕೆ ಏನಾದರೂ ಘೋಷಿಸಿಬಿಟ್ಟರೆ ಅದರ ಮತಗಳು ಇಡಿಯಾಗಿ ದಕ್ಕುತ್ತವೆ ಎಂದು ನಮ್ಮ ಪಕ್ಷಗಳು ನಂಬಿಕೊಂಡಿವೆ. ಕರ್ನಾಟಕದ ಮತದಾರರು ಐದೇ ವರ್ಷಗಳಲ್ಲಿ ಎರಡು ಬಾರಿ ಇದನ್ನು ಸುಳ್ಳು ಮಾಡಿದ್ದಾರೆ. 2018ರ ಮಾರ್ಚ್‌ನಲ್ಲಿ ಸಿದ್ದರಾಮಯ್ಯ ಸರ್ಕಾರ ನ್ಯಾಯಮೂರ್ತಿ ನಾಗಮೋಹನ ದಾಸ್ ಸಮಿತಿಯ ವರದಿ ಒಪ್ಪಿ, ಲಿಂಗಾಯತ ಪ್ರತ್ಯೇಕ ಧರ್ಮದ ಶಿಫಾರಸನ್ನು ಕೇಂದ್ರಕ್ಕೆ ಕಳಿಸಿತು. ಲಿಂಗಾಯತ ಧರ್ಮಗುರು ಮಾತೆ ಮಹಾದೇವಿ ಬಹಿರಂಗವಾಗಿಯೇ ಕಾಂಗ್ರೆಸ್ ಬೆಂಬಲಿಸುವಂತೆ ಕರೆಕೊಟ್ಟರು. ಆ ಚುನಾವಣೆಯಲ್ಲಿ ಕಾಂಗ್ರೆಸ್ 122ರಿಂದ 80 ಸ್ಥಾನಕ್ಕೆ ಇಳಿಯಿತು. ಪ್ರತ್ಯೇಕ ಧರ್ಮದ ಹೋರಾಟದ ಮುಂಚೂಣಿಯಲ್ಲಿದ್ದ ಎಂ.ಬಿ. ಪಾಟೀಲರು ಬಬಲೇಶ್ವರದಲ್ಲಿ ಗೆದ್ದರೂ ವಿನಯ ಕುಲಕರ್ಣಿ ಧಾರವಾಡದಲ್ಲಿ ಸೋತರು. 2023ರ ಮಾರ್ಚ್‌ನಲ್ಲಿ ಬೊಮ್ಮಾಯಿ ಅವರ ಬಿಜೆಪಿ ಸರ್ಕಾರ ಮುಸ್ಲಿಮರ ಶೇ 4ರ ಮೀಸಲಾತಿಯನ್ನು ಕಿತ್ತು ಒಕ್ಕಲಿಗರಿಗೂ ಲಿಂಗಾಯತರಿಗೂ ತಲಾ ಶೇ 2 ಹಂಚಿತು. ಆ ವರ್ಷದ ಚುನಾವಣೆಯಲ್ಲಿ ಬಿಜೆಪಿ 104ರಿಂದ 66ಕ್ಕೆ ಕುಸಿಯಿತು. ಎರಡೂ ಸೋಲಿಗೆ ಬೇರೆ ಕಾರಣಗಳೂ ಇದ್ದವು, ನಿಜ. ಆದರೆ ಘೋಷಣೆ ಗೆಲ್ಲಿಸುತ್ತದೆಂಬ ಲೆಕ್ಕವಂತೂ ಕೈಕೊಟ್ಟಿತು.

ಹಾಗೆಂದು ಧರ್ಮಕ್ಕೂ ಮತಕ್ಕೂ ನಂಟಿಲ್ಲ ಎನ್ನಲಾಗದು. ನಂಟು ಇರುವುದು ದಿನದ ಬದುಕಿನಲ್ಲಿ. ಮಠದ ಪ್ರಸಾದನಿಲಯದಲ್ಲಿ ಉಂಡು ಓದಿದವರಿಗೆ, ಮಠದ ಕಾಲೇಜಿನಲ್ಲಿ ನೌಕರಿ ಹಿಡಿದವರಿಗೆ ಯಾರ ಮೂಲಕ ಯಾರನ್ನು ಕಾಣಬೇಕೆಂಬುದು ಆ ಬಳಗದಿಂದಲೇ ತಿಳಿಯುತ್ತದೆ. ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಸರಿಯಬೇಕಾದರೆ ‘ನಮ್ಮವರು’ ಬೇಕು ಎಂಬ ಸ್ಥಿತಿ ಇರುವತನಕ ನಮ್ಮವರಿಗೆ ಮತ ಹಾಕುವುದು ವ್ಯವಹಾರಜ್ಞಾನವೇ ಹೊರತು ಕುರುಡು ಭಕ್ತಿಯಲ್ಲ. ಆ ಜ್ಞಾನಕ್ಕೂ ಮಿತಿಯುಂಟು. ಹುಬ್ಬಳ್ಳಿ-ಧಾರವಾಡ ಸೆಂಟ್ರಲ್‌ನಲ್ಲಿ 2023ರಲ್ಲಿ ಕಾಂಗ್ರೆಸ್ ಸೇರಿದ್ದ ಜಗದೀಶ ಶೆಟ್ಟರ್, ಬಿಜೆಪಿಯ ಮಹೇಶ ಟೆಂಗಿನಕಾಯಿ ಇಬ್ಬರೂ ಲಿಂಗಾಯತರು. ಮಾಜಿ ಮುಖ್ಯಮಂತ್ರಿ ಶೆಟ್ಟರ್ 34 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಅಲ್ಲಿ ಸಮುದಾಯ ಯಾವ ಉತ್ತರವನ್ನೂ ಕೊಡುವಂತಿರಲಿಲ್ಲ. ಪಕ್ಷವನ್ನೂ ವ್ಯಕ್ತಿಯನ್ನೂ ಮತದಾರರೇ ತೂಗಬೇಕಾಯಿತು.

ಸಮುದಾಯಗಳು ಒಟ್ಟಾಗಿ ಮಗ್ಗುಲು ಬದಲಿಸಿದ್ದಿಲ್ಲವೇ ಎಂದು ಕೇಳಬಹುದು. 1989ರಲ್ಲಿ 178 ಸ್ಥಾನ ಗೆದ್ದ ಕಾಂಗ್ರೆಸ್, ಮರುವರ್ಷ ಅನಾರೋಗ್ಯದಲ್ಲಿದ್ದ ಲಿಂಗಾಯತ ನಾಯಕ ವೀರೇಂದ್ರ ಪಾಟೀಲರನ್ನು ಮುಖ್ಯಮಂತ್ರಿ ಸ್ಥಾನದಿಂದ ಇಳಿಸಿತು. 1994ರಲ್ಲಿ ಅದಕ್ಕೆ ಸಿಕ್ಕಿದ್ದು 34. ಲಿಂಗಾಯತರ ಮುನಿಸೂ ಅದರ ಹಿಂದಿತ್ತು ಎಂಬುದನ್ನು ಒಪ್ಪುತ್ತೇನೆ. ಆ ಮುನಿಸು ಹುಟ್ಟಿದ್ದು ಅವಮಾನದಿಂದ, ಧರ್ಮಗುರುವಿನ ಅಪ್ಪಣೆಯಿಂದಲ್ಲ. ಹಿಜಾಬ್ ವಿವಾದ, ಮೀಸಲಾತಿ ರದ್ದತಿ ಕಂಡ ಮುಸ್ಲಿಮರು 2023ರಲ್ಲಿ ಜೆಡಿಎಸ್ ಬಿಟ್ಟು ಕಾಂಗ್ರೆಸ್‌ನತ್ತ ಸರಿದದ್ದನ್ನು ವೋಟ್ ಬ್ಯಾಂಕ್ ಎಂದು ಹಂಗಿಸುವುದು ಅನ್ಯಾಯ. ಸರ್ಕಾರ ಧರ್ಮ ನೋಡಿ ಹಕ್ಕು ಕಿತ್ತುಕೊಂಡಾಗ, ಧರ್ಮದ ನೆಲೆಯಲ್ಲಿ ಒಗ್ಗೂಡುವುದು ಆತ್ಮರಕ್ಷಣೆ.

ಧರ್ಮದ ಹೆಸರಲ್ಲಿ ಮತ ಕೇಳುವುದನ್ನು ಜನಪ್ರತಿನಿಧಿ ಕಾಯ್ದೆ ನಿಷೇಧಿಸಿದೆ. 2017ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 4-3ರ ಬಹುಮತದಿಂದ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಆದರೆ ಬೂತುವಾರು ಫಲಿತಾಂಶ ಪ್ರಕಟವಾಗುವುದರಿಂದ, ಒಂದೇ ಸಮುದಾಯ ಒತ್ತಾಗಿರುವ ಓಣಿಯ ಮತ ಯಾರಿಗೆ ಬಿತ್ತೆಂದು ಮರುದಿನವೇ ಊರಿಗೆಲ್ಲ ಗೊತ್ತಾಗುತ್ತದೆ. ಗೆದ್ದವರ ಕೋಪಕ್ಕೆ ಹೆದರಿ ಓಣಿಯ ಹಿರಿಯರು ಒಗ್ಗಟ್ಟಿಗೆ ಒತ್ತಾಯಿಸುವುದು, ಒಬ್ಬ ಹೆಣ್ಣುಮಗಳ ಬೇರೆ ಆಯ್ಕೆ ಅಲ್ಲೇ ಉಡುಗಿಹೋಗುವುದು ಹೀಗೆ. ಹಲವು ಮತಯಂತ್ರಗಳ ಮತವನ್ನು ಬೆರೆಸಿ ಎಣಿಸುವ ಟೋಟಲೈಸರ್ ಬಳಸಲು ಚುನಾವಣಾ ಆಯೋಗ 2008ರಲ್ಲೇ ಕೇಳಿತ್ತು. ಕಾನೂನು ಆಯೋಗವೂ 2015ರಲ್ಲಿ ಅದನ್ನೇ ಹೇಳಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಈ ಪ್ರಸ್ತಾವವನ್ನು ಸಂಸತ್ತು ಮತ್ತೆ ಕೈಗೆತ್ತಿಕೊಳ್ಳಬೇಕು.