ಹಾಸಿಗೆಗೆ ರೇಷ್ಮೆ ಬೇಕೆ?

ಪುಣೆಯ ಲಕ್ಷ್ಮೀ ರಸ್ತೆಯಲ್ಲಿ ಪೈಠಣಿ ಕೊಳ್ಳುವವರು ಜರಿ ನೋಡುತ್ತಾರೆ, ಸೆರಗು ಬಿಡಿಸಿ ಹಾಸುತ್ತಾರೆ, ನಾಲ್ಕು ಅಂಗಡಿ ಹತ್ತಿಳಿಯುತ್ತಾರೆ. ಹಾಸಿಗೆಯ ಬಟ್ಟೆಗೆ ಆ ಎಚ್ಚರವಿಲ್ಲ. ‘ಸಿಲ್ಕಿ’ ಎಂಬ ಚೀಟಿ, ಕೈಗೆ ನುಣುಪು, ವ್ಯಾಪಾರ ಮುಗಿಯಿತು. ಆ ಹೊಳಪು ಎಷ್ಟೋ ಸಲ ಪಾಲಿಯೆಸ್ಟರ್ ಸ್ಯಾಟಿನ್ನಿನದು. ಅಂಚಿನ ಒಂದೆಳೆ ಸುಟ್ಟರೆ ಗುಟ್ಟು ತಿಳಿಯುತ್ತದೆ: ರೇಷ್ಮೆ ಕೂದಲು ಸುಟ್ಟ ವಾಸನೆ ಬಿಟ್ಟು ಪುಡಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಅಪ್ಪಟ ರೇಷ್ಮೆಯೇ ಸಿಕ್ಕಿತೆನ್ನಿ. ಅದು ಹಾಸಿಗೆಗೆ ತಕ್ಕದ್ದೆ? ರಾಮನಗರ, ಶಿಡ್ಲಘಟ್ಟದ ಮಾರುಕಟ್ಟೆಗೆ ಬರುವ ಗೂಡಿನಿಂದ 1 ಕಿಲೋ ಕಚ್ಚಾ ರೇಷ್ಮೆ ತೆಗೆಯಲು 6–7 ಕಿಲೋ ಗೂಡು ಬೇಕು. ಚಿಟ್ಟೆ ಗೂಡು ಕೊರೆದು ಹೊರಬಂದರೆ ಎಳೆ ತುಂಡಾಗುತ್ತದೆ. ಅದಕ್ಕೇ ಒಳಗಿನ ಜೀವವನ್ನು ಮೊದಲೇ ಬಿಸಿಯಲ್ಲಿ ಕೊಲ್ಲುತ್ತಾರೆ. ಗೂಡು ಬೇಯಿಸಲು ನೀರು, ಉರುವಲು ಬೇರೆ. ಹಿಪ್ಪುನೇರಳೆ ಬೆಳೆದು ಹುಳು ಸಾಕುವ ರೈತರನ್ನು ದೂರುವ ಮಾತಲ್ಲ ಇದು. ತಿಂಗಳೊಳಗೆ ದುಡ್ಡು ಕಾಣಿಸುವ ಕಸುಬುಗಳು ಹಳ್ಳಿಯಲ್ಲಿ ಎಷ್ಟಿವೆ? ಆದರೆ ಇಷ್ಟು ಜೀವ, ಇಷ್ಟು ದುಡಿಮೆ ಸೀರೆಯಾದರೆ ಅಜ್ಜಿಯಿಂದ ಮೊಮ್ಮಗಳಿಗೆ ದಾಟುತ್ತದೆ. ಹಾಸಿಗೆಯ ಮೇಲೆ ಬೆವರು, ವಾರವಾರದ ಒಗೆತ, ಬಿಸಿಲು. ಪ್ರೋಟೀನಿನ ಆ ಎಳೆ ಇವನ್ನು ಬಹುಕಾಲ ತಾಳುವುದಿಲ್ಲ.

ಹೈದರಾಬಾದಿನ ಕುಸುಮಾ ರಾಜಯ್ಯ ಚಿಟ್ಟೆ ಹಾರಿಹೋದ ಗೂಡಿನ ನೂಲಿನಿಂದ ‘ಅಹಿಂಸಾ ರೇಷ್ಮೆ’ ಮಾಡಿ ತೋರಿಸಿದರು. ಕೊಲ್ಲುವ ಪ್ರಶ್ನೆಗೆ ಅದು ಗೌರವದ ಉತ್ತರ. ಒಗೆತದ ಪ್ರಶ್ನೆ ಹಾಗೇ ಉಳಿಯುತ್ತದೆ. ರೇಷ್ಮೆ ಬಿಟ್ಟು ಬೇರೆ ನುಣುಪು ಹುಡುಕಿದರೆ, ಬಿದಿರಿನದೆಂದು ಮಾರುವ ಬಟ್ಟೆ ಹೆಚ್ಚಾಗಿ ವಿಸ್ಕೋಸ್. ಅದರ ತಯಾರಿಗೆ ಕಾರ್ಬನ್ ಡೈಸಲ್ಫೈಡ್ ಎಂಬ ವಿಷ ಬೇಕು. ಅದಕ್ಕಿಂತ ಲಯೋಸೆಲ್ ಎಂಬ ಬಟ್ಟೆ ವಾಸಿ, ಅದರ ದ್ರಾವಕವನ್ನು ಬಹುಪಾಲು ಹಿಡಿದು ಮತ್ತೆ ಬಳಸುತ್ತಾರೆ.

ಹೊಸದು ಕೊಳ್ಳಲೇಬೇಕಾದರೆ ಪುಣೆಯವರಿಗೆ ಸೊಲ್ಲಾಪುರ ದೂರವಲ್ಲ. ಭೌಗೋಳಿಕ ಸೂಚಿ ಪಡೆದ ಅಲ್ಲಿನ ಹತ್ತಿ ಚಾದರ ಒಗೆದಷ್ಟೂ ಮೆತ್ತಗಾಗುತ್ತದೆ. ಆದರೂ ಹತ್ತಿ ಬೆಳೆಯಲು ನೀರು ಬೇಕು, ಕೀಟನಾಶಕ ಬೇಕು. ಹಾಗಾಗಿ ಮನೆಯಲ್ಲಿ ಈಗಾಗಲೇ ಇರುವ ಬಟ್ಟೆಗೇ ಮೊದಲ ಮಣೆ ಹಾಕಬೇಕು. ಮರಾಠಿ ಮನೆಗಳ ಗೋಧಡಿ, ಧಾರವಾಡ, ಬೆಳಗಾವಿ ಕಡೆಯಿಂದ ಪುಣೆಗೆ ಬಂದವರ ಟ್ರಂಕಿನ ಕೌದಿ, ಎರಡೂ ಸವೆದ ಸೀರೆ, ಧೋತರಗಳ ಪದರ. ಹಳಿಯಾಳ, ಯಲ್ಲಾಪುರದ ಸಿದ್ದಿ ಸಮುದಾಯದ ಮಹಿಳೆಯರು ಕೌದಿಯ ಅಂಚಿನಿಂದ ಹೊಲಿಗೆ ಹಿಡಿದು ತುಂಡಿನ ಮೇಲೆ ತುಂಡಿಡುತ್ತ ನಡುವಿಗೆ ಬರುತ್ತಾರೆ. ಆ ಬಣ್ಣಗಾರಿಕೆಗೆ ಯಾವ ಸ್ಯಾಟಿನ್ ಸಾಟಿ?

ಕಪಾಟಿನಲ್ಲಿ ಮಡಿಸಿಟ್ಟ ಹಳೆಯ ಹತ್ತಿ ಸೀರೆಗಳನ್ನು ಈ ಚಳಿಗಾಲಕ್ಕೆ ಮೊದಲು ಹೊರತೆಗೆಯಿರಿ. ಹೊಲಿಯುವವರಿಗೆ ಕೊಡಿ, ಕೂಲಿಯಲ್ಲಿ ಚೌಕಾಸಿ ಮಾಡಬೇಡಿ.