ಕಣ್ಣಿಗೆ ಕಂಡದ್ದು ಫೋನಿಗೆ ಕಾಣಲಿಲ್ಲ

ಮಕ್ಕಳೇ, ಕಳೆದ ಭಾನುವಾರ ಹುಲ್ಲಹಳ್ಳಿಯ ನಮ್ಮ ಮನೆಯಲ್ಲೊಂದು ತಮಾಷೆ ನಡೆಯಿತು. ನಮ್ಮೂರ ನದಿಯ ಬಗ್ಗೆ ಶಾಲೆಗೆ ಬರೆದುಕೊಂಡು ಹೋಗಬೇಕಿದ್ದ ಮೊಮ್ಮಗಳು ಫೋನಿನಲ್ಲಿ ಹಳೆಯ ಪುಸ್ತಕವೊಂದನ್ನು ತೆರೆದು, ಹುಡುಕುವ ಜಾಗದಲ್ಲಿ ‘ಕಪಿಲಾ’ ಎಂದು ಒತ್ತಿದಳು. ಫೋನು ‘ಇಲ್ಲ’ ಎಂದಿತು. “ತಾತ, ಇಲ್ಲೇ ಇದೆಯಲ್ಲಾ!” ಎಂದು ಅವಳು ಪುಟದ ಮೇಲೆ ಬೆರಳಿಟ್ಟಳು.

ಇದ್ದದ್ದು ನಿಜ. ಆದರೆ ಅದು ಅಕ್ಷರವಲ್ಲ, ಅಕ್ಷರದ ಫೋಟೋ. ಹಳೆಯ ಪುಸ್ತಕಗಳನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿ ಹಾಕಿರುತ್ತಾರೆ. ಫೋನಿಗೆ ಆ ಪುಟವೂ ಒಂದೇ, ಮಾವಿನಹಣ್ಣಿನ ಚಿತ್ರವೂ ಒಂದೇ. ದೊಡ್ಡದು ಮಾಡಿದರೆ ಸಾಲು ಪರದೆಯಿಂದ ಆಚೆ ಹೋಗುತ್ತದೆ. ನನ್ನಂಥ ಕನ್ನಡಕದವರು ಎಡಕ್ಕೂ ಬಲಕ್ಕೂ ಎಳೆದಾಡಬೇಕು.

ಕಂಪ್ಯೂಟರಿನಲ್ಲೇ ಟೈಪಾದ ಪುಸ್ತಕಕ್ಕೂ ಒಂದು ತೊಡಕಿತ್ತು. ಹಿಂದಿನ ಎಷ್ಟೋ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದರು. ಆ ಫಾಂಟ್ ಇಲ್ಲದ ಕಡೆ ತೆರೆದರೆ ಬರೀ ಗೀಚು. ಯೂನಿಕೋಡ್ ಬಂದು ಇದಕ್ಕೆ ದಾರಿಯಾಯಿತು. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡವಿತ್ತು. ಅದರಲ್ಲಿ ಪ್ರತಿ ಅಕ್ಷರಕ್ಕೂ ಖಾತೆ ನಂಬರಿನ ಹಾಗೆ ಒಂದೊಂದು ಸಂಖ್ಯೆ. ‘ಕ’ದ ಸಂಖ್ಯೆ 3221. ಯಾವ ಫೋನಿನಲ್ಲಿ ತೆರೆದರೂ ‘ಕ’ ‘ಕ’ವೇ.

ಈಗ ಫೋಟೋದಲ್ಲಿರುವ ಅಕ್ಷರಗಳನ್ನು ಗುರುತಿಸಿ ಯೂನಿಕೋಡಿಗೆ ಇಳಿಸುವ ತಂತ್ರಾಂಶಗಳಿವೆ. ಒತ್ತಕ್ಷರದಲ್ಲಿ ಅವು ಎಡವುತ್ತವೆ, ಮನುಷ್ಯರು ತಿದ್ದಬೇಕು. ಕನ್ನಡ ವಿಕಿಸೋರ್ಸ್‌ನಲ್ಲಿ ಸಂಬಳವಿಲ್ಲದೆ ಈ ಕೆಲಸ ಮಾಡುವವರಿದ್ದಾರೆ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನವು 2016ರಲ್ಲಿ ಶುರುಮಾಡಿದ ‘ಭಾರತವಾಣಿ’ಯಲ್ಲಿ ನಿಘಂಟಿನ ಪದಗಳನ್ನು ಹುಡುಕಬಹುದು.

ನಾನು ಬ್ಯಾಂಕಿನಲ್ಲಿದ್ದಾಗ ಲೆಡ್ಜರಿಗೆ ಹೆಸರುಗಳ ಸೂಚಿ ಇರುತ್ತಿತ್ತು. ಸೂಚಿಯಲ್ಲಿ ಹೆಸರು ಬಿಟ್ಟುಹೋದರೆ, ಖಾತೆಯಲ್ಲಿ ಹಣವಿದ್ದರೂ ಗಿರಾಕಿ ಕಾಯುತ್ತಾ ನಿಲ್ಲಬೇಕಿತ್ತು. ಪುಸ್ತಕವೂ ಹಾಗೇ. ಹುಡುಕಿದಾಗ ಸಿಗದಿದ್ದರೆ ಇದ್ದೂ ಇಲ್ಲದಂತೆ.

ಮೊಮ್ಮಗಳು ಆ ಪುಟವನ್ನು ತಾನೇ ಟೈಪ್ ಮಾಡಿದಳು. ಈ ಸಲ ‘ಕಪಿಲಾ’ ಸಿಕ್ಕಿತು. ಆದರೆ ಅವಳ ಪಾಠದಲ್ಲಿದ್ದ ‘ಕಬಿನಿ’ ಎಂದು ಹುಡುಕಿದರೆ ಮತ್ತೆ ‘ಇಲ್ಲ’! ಎರಡೂ ಒಂದೇ ನದಿಯ ಹೆಸರು ಎಂದು ಹೇಳಲು ಅವಳ ಅಜ್ಜಿಯೇ ಬರಬೇಕಾಯಿತು.

ಹಿರಿಯರೇ, ಇಂಥ ಜೋಡಿ ಹೆಸರುಗಳು ನಿಮಗೆ ಎಷ್ಟು ಗೊತ್ತು? ಈ ವಾರ ಹೇಳುತ್ತಾ ಹೋಗಿ, ಮೊಮ್ಮಕ್ಕಳು ಟೈಪ್ ಮಾಡಲಿ.